ಹೊಲಿದ ಹನ್ನೊಂದು ಹಾಳೆ

ಬೆಳಿಗ್ಗೆ ಕೊಠಡಿಯ ಬೀಗ ತೆಗೆದವಳೇ ಅವಳು ಮಾಡಿದ ಮೊದಲ ಕೆಲಸವೆಂದರೆ ಮೇಜಿನ ಕೊನೆಯ ಖಾನೆಯನ್ನೆಳೆದು ಪೊಟ್ಟಣ ಇದೆಯೇ ಎಂದು ನೋಡಿದ್ದು. ಇತ್ತು. ನಿನ್ನೆ ಬೀಗ ಹಾಕಿ ಹೋಗುವಾಗಲೂ ಇತ್ತು. ಇಪ್ಪತ್ತೊಂಬತ್ತು ವರ್ಷ ಅವಳನ್ನು ಬಿಟ್ಟು ಕದಲದೆ ಇದ್ದದ್ದು ಈಗ ಕಾಲು ಬಂದು ಎದ್ದು ಹೋದೀತೆ? ಆದರೂ ಮುಟ್ಟಿ ನೋಡಿದಳು. ಕಂದು ಕಾಗದ, ಅದರ ಸುತ್ತ ಅಂಗಡಿಯವನು ಕಟ್ಟಿಕೊಟ್ಟ ನೀಲಿ ರಿಬ್ಬನ್ನು, ಅದರ ಮೇಲೊಂದು ಪ್ಲಾಸ್ಟಿಕ್ ಹೂವು. 'ಯಾರಿಗೆ ಮೇಡಂ, ಮಗಳ ಹುಟ್ಟುಹಬ್ಬಕ್ಕಾ?' ಎಂದು ಅವನು ಕೇಳಿದ್ದ. 'ಇಲ್ಲಪ್ಪ, ನಮ್ಮ ಮೇಷ್ಟ್ರಿಗೆ' ಎಂದಿದ್ದಳು. ಹಾಗೆನ್ನುವಾಗ ತನ್ನ ದನಿಯಲ್ಲಿ ತೊಟ್ಟಿಕ್ಕಿದ ಜೇನು ಅವಳಿಗೇ ಹಿತವೆನಿಸಿ, ದಾರಿಯುದ್ದಕ್ಕೂ ಆ ಮಾತನ್ನು ಮತ್ತೆ ಮತ್ತೆ ಚಪ್ಪರಿಸಿಕೊಂಡು ಬಂದಿದ್ದಳು. ನಮ್ಮ ಮೇಷ್ಟ್ರಿಗೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ, ಕೆಳಗಿನ ಸಭಾಂಗಣದಲ್ಲಿ, ಮುನ್ನೂರು ಜನರ ಎದುರಿಗೆ ಆ ಮುದುಕ ಈ ಪೊಟ್ಟಣ ಬಿಚ್ಚುತ್ತಾನೆ. ಬಿಚ್ಚಿ, ತಾನೇ ಬರೆದದ್ದನ್ನು ತಾನೇ ಓದುತ್ತಾನೆ. ಆಮೇಲೆ ಮೈಕಿನ ಮುಂದೆ ಇಂಗು ತಿಂದ ಮಂಗನಂತೆ ನಿಲ್ಲುತ್ತಾನೆ. ಆ ನಿಲ್ಲುವುದಿದೆಯಲ್ಲ, ಅದಕ್ಕಾಗಿ ಅವಳು ಎಷ್ಟು ವರ್ಷ ಬೇಕಾದರೂ ಕಾಯಲು ಸಿದ್ಧಳಿದ್ದಳು. ಕಾದಿದ್ದಳು ಕೂಡ.

ಬಾಗಿಲ ಮೇಲಿನ ಹಲಗೆ ಎಷ್ಟು ಉದ್ದವಿತ್ತೆಂದರೆ ಅದನ್ನು ಪೂರ್ತಿ ಓದಿದವರು ಯಾರೂ ಇರಲಿಲ್ಲ. ಕುಟುಂಬದಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿಗಳ ನೆರವು ಕೇಂದ್ರ. ಎಲ್ಲರ ಬಾಯಲ್ಲೂ ಅದು ಮೊದಲಿಗರ ಕೊಠಡಿ. ಎರಡು ಕಿಟಕಿ, ಕೆಮ್ಮುತ್ತಾ ಕೆಲಸ ಮಾಡುವ ಒಂದು ಪ್ರಿಂಟರು, ಗೋಡೆಯುದ್ದಕ್ಕೂ ಫಾರಂಗಳ ಗೂಡು. ಹನ್ನೆರಡು ವರ್ಷದಿಂದ ಅವಳು ಇದರ ಮೇಲ್ವಿಚಾರಕಿ. ಮಕ್ಕಳು ಎದುರಿಗೆ ಮೇಡಂ ಎನ್ನುತ್ತಾರೆ, ಬೆನ್ನ ಹಿಂದೆ ಫಾರಂ ಅಕ್ಕ. ಅಪ್ಪ ಅಮ್ಮ ಕಾಲೇಜಿನ ಕಾಂಪೌಂಡನ್ನು ಹೊರಗಿನಿಂದಷ್ಟೇ ಕಂಡಂಥ ಮಕ್ಕಳು ಇಲ್ಲಿಗೆ ಬರುತ್ತವೆ. ಯಾವ ಫಾರಂ, ಯಾವ ಕಿಟಕಿ, ಯಾರ ಸಹಿ, ಪ್ರಾಧ್ಯಾಪಕರ ಬಾಗಿಲು ಮುಚ್ಚಿದ್ದರೆ ತಟ್ಟಬಹುದೋ ಬಾರದೋ, ಗ್ರಂಥಾಲಯದ ಪುಸ್ತಕ ಕಳೆದುಹೋದರೆ ಜೈಲಿಗೆ ಹಾಕುತ್ತಾರೋ ಹೇಗೆ. ಬೇರೆ ಮಕ್ಕಳಿಗೆ ಮನೆಯಲ್ಲಿ ಊಟ ಮಾಡುತ್ತಲೇ ಗೊತ್ತಾಗಿಬಿಡುವ ಇಂಥ ನೂರೆಂಟು ಸಂಗತಿಗಳನ್ನು ಈ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಹೇಳುವುದೇ ಅವಳ ಕೆಲಸ. ಆ ಕೆಲಸದಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಅವಳಿಗೂ ಗೊತ್ತಿತ್ತು. ಇವತ್ತಿನಿಂದ ಆ ಉದ್ದ ಹಲಗೆ ಹೋಗಿ ಅದರ ಜಾಗದಲ್ಲಿ ಮುದುಕನ ಹೆಸರಿನ ಹಿತ್ತಾಳೆ ಫಲಕ ಬರುತ್ತದೆ. ಮೂರು ವಾರದ ಹಿಂದೆ ಕುಲಸಚಿವರು ಅವಳನ್ನು ಕರೆಸಿ, 'ನೀವು ಅವರ ಶಿಷ್ಯೆಯಂತಲ್ಲ ಮೇಡಂ, ನಮಗೆ ಗೊತ್ತೇ ಇರ್ಲಿಲ್ಲ. ಬಡ ಮಕ್ಕಳ ಮೇಷ್ಟ್ರು ಅಂತ ಪೇಪರಲ್ಲೆಲ್ಲ ಬಂದಿದೆ. ನೀವೇ ನಾಲ್ಕು ಮಾತಾಡಿ, ನಿಮ್ಮ ಕೈಯಾರೆ ಒಂದು ಕಾಣಿಕೆ ಕೊಟ್ಬಿಡಿ' ಎಂದಿದ್ದರು. 'ಕೊಡ್ತೀನಿ ಸಾರ್. ಅವರು ಸಾಯೋವರೆಗೂ ಮರೀಬಾರ್ದು, ಅಂಥದ್ದೇ ಕೊಡ್ತೀನಿ' ಎಂದಿದ್ದಳು. ಕುಲಸಚಿವರು ತಲೆದೂಗಿದ್ದರು. 'ಸ್ವಲ್ಪ ನಗ್ಸಿ ಮೇಡಂ. ಬರೀ ಗಂಭೀರ ಆದ್ರೆ ಹುಡುಗ್ರು ಎದ್ದು ಹೋಗ್ತಾರೆ.'

ಬಿಡಿ ಹಾಳೆಗಳನ್ನು ಸ್ವೀಕರಿಸಲಾಗುವುದಿಲ್ಲ. ಇಪ್ಪತ್ತೊಂಬತ್ತು ವರ್ಷದ ಹಿಂದೆ ನೋಟೀಸಿನಲ್ಲಿ ಇದ್ದದ್ದು ಇಷ್ಟೇ. ಮೊದಲ ವರ್ಷದ ಮೊದಲ ಪ್ರಬಂಧ, ಹನ್ನೊಂದು ಹಾಳೆ. ಒಂದು ಸಣ್ಣ ಪಿನ್ನು ಒತ್ತಿದರೆ ಮುಗಿಯುತ್ತದೆ ಎಂದು ಅವಳಿಗೆ ಹೇಳುವವರು ಯಾರಿದ್ದರು? ಅಪ್ಪ ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವವನು. ಅಂಗಿ ಹೊಲಿಯುವವನೂ ಅಲ್ಲ, ಬರೀ ಕಾಜಾ. ಗುಂಡಿ ತೂರುವ ಆ ಸೀಳಿನ ಸುತ್ತ ಒಂದೊಂದೇ ಗಂಟು ಹಾಕುತ್ತಾ ದಿನಕ್ಕೆ ನಲವತ್ತು ಅಂಗಿ. 'ಬಿಡಿ ಹಾಳೆ ಬೇಡ ಅಂತಾರಾ? ಜನ್ಮದಲ್ಲಿ ಬಿಡದ ಹಾಗೆ ಮಾಡ್ಕೊಡ್ತೀನಿ ತಗೋ' ಎಂದ. ದಪ್ಪ ಸೂಜಿಯಿಂದ ಮೊದಲು ತೂತು ಕೊರೆದು, ಕಪ್ಪು ದಾರವನ್ನು ಎರಡೆಳೆ ಮಾಡಿ, ಮೇಣ ಸವರಿ, ಎಡ ಅಂಚಿನುದ್ದಕ್ಕೂ ಕಾಜಾ ಹೊಲಿಗೆ ಹಾಕಿಕೊಟ್ಟ. ಗಂಟಿನ ಪಕ್ಕ ಗಂಟು, ಇರುವೆಗಳ ಸಾಲಿನ ಹಾಗೆ. ಎಲ್ಲೂ ಒಂದು ಎಳೆ ಏರುಪೇರಾಗಿರಲಿಲ್ಲ. ಅವಳು ಅದನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ನಿಂತುಕೊಂಡೇ ಹೋಗಿದ್ದಳು, ಕೂತರೆ ಮಡಚಿಹೋದೀತೆಂದು. ಒಂದು ವಾರದ ಮೇಲೆ ಪ್ರಾಧ್ಯಾಪಕ, ಇವತ್ತಿನ ಈ ಮುದುಕ, ತಿದ್ದಿದ ಪ್ರಬಂಧಗಳ ಕಟ್ಟು ಹಿಡಿದು ಬಂದ. ಆಗವನು ಎತ್ತರಕ್ಕಿದ್ದ, ಮಾತಾಡಿದರೆ ಹಿಂದಿನ ಬೆಂಚಿನವರೂ ಕಿವಿಗೊಡುತ್ತಿದ್ದರು. ಅವಳ ಪ್ರಬಂಧವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ತರಗತಿಗೆಲ್ಲ ತೋರಿಸಿದ. 'ಇದನ್ನ ಓದೋದಾ, ತೊಡೋದಾ?' ಎಂದ. ಎಂಬತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. 'ಯಾರಮ್ಮ ಇದನ್ನ ಹೊಲಿದದ್ದು?' ಎಂದ. 'ನಮ್ಮಪ್ಪ ಸಾರ್' ಎಂದಳು. ಮತ್ತೆ ನಗು. ಪ್ರಬಂಧ ಕೈಗೆ ಬಂದಾಗ ಮೊದಲ ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು. ಅದನ್ನವಳು ಮತ್ತೆ ಓದಬೇಕಾಗಿಯೇ ಇರಲಿಲ್ಲ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ. ಆ ದಿನದಿಂದ ಮೂರು ವರ್ಷ ಅವಳ ಹೆಸರು ಕಾಜಾ. ಇದೆಲ್ಲವನ್ನೂ ಅವಳು ಸಹಿಸಬಲ್ಲಳು. ಸಹಿಸಲಾರದ್ದು ಇನ್ನೊಂದಿದೆ. ಆ ಎಂಬತ್ತು ಜನರ ಜೊತೆ ಅವಳೂ ನಕ್ಕಿದ್ದಳು. ಬಾಯಿಗೆ ಕೈ ಅಡ್ಡ ಹಿಡಿದು, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ ನಕ್ಕಿದ್ದಳು.

'ಮೇಡಂ, ಬರ್ಲಾ?'

ಖಾನೆ ಮುಚ್ಚಿದಳು. ಬಾಗಿಲಲ್ಲಿ ಒಬ್ಬ ಹುಡುಗಿ. ಎರಡನೆಯ ವರ್ಷದವಳು, ಔಷಧಿ ಅಂಗಡಿಯಲ್ಲಿ ವಾರಕ್ಕೆ ನಾಲ್ಕು ದಿನ ಮಧ್ಯಾಹ್ನದ ಪಾಳಿ ಮಾಡುವವಳು. ಹಿಂದೊಮ್ಮೆ ಬಸ್ ಪಾಸಿನ ಫಾರಂಗೆ ಬಂದಿದ್ದ ನೆನಪು. ಕುರ್ಚಿಯ ಅಂಚಿನಲ್ಲಿ, ಅರ್ಧ ಕುರ್ಚಿಗಷ್ಟೇ ತನಗೆ ಹಕ್ಕಿದೆಯೆಂಬಂತೆ ಕೂತಳು. ಅಂಕಪಟ್ಟಿಯಲ್ಲಿ ಸಂಖ್ಯಾಶಾಸ್ತ್ರದ ಮುಂದೆ 'ಗೈರು, ಸೊನ್ನೆ' ಎಂದು ಬಂದಿದೆಯಂತೆ. ಸೊನ್ನೆ ಹಾಗೇ ಉಳಿದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂದು ಪತ್ರ ಬಂದಿದೆಯಂತೆ. 'ಆದ್ರೆ ನಾನು ಆ ವಿಷಯ ಬಿಟ್ಟು ನಾಲ್ಕು ತಿಂಗಳಾಯ್ತು ಮೇಡಂ. ಪಾಳಿ ಹೊತ್ತಿಗೇ ಕ್ಲಾಸು ಬರ್ತಿತ್ತು.'

'ಬಿಟ್ಟೆ ಅಂದ್ರೆ? ಕೈಬಿಡೋ ಫಾರಂ ಕೊಟ್ಯಾ?'

'ಫಾರಂ ಇರತ್ತಾ?'

'ಮತ್ತೆ ಹೇಗಮ್ಮ ಬಿಟ್ಟೆ?'

'ಹೋಗೋದು ನಿಲ್ಲಿಸ್ದೆ.' ಅಷ್ಟಕ್ಕೇ ತನ್ನನ್ನು ಬೇಜವಾಬ್ದಾರಿ ಎಂದುಕೊಂಡಾರೆಂದು ಹೆದರಿ ಗಡಬಡಿಸಿ ಸೇರಿಸಿದಳು, 'ಸುಮ್ನೆ ನಿಲ್ಲಿಸ್ಲಿಲ್ಲ ಮೇಡಂ, ಹೇಳೇ ಬಂದೆ. ಆ ಕ್ಲಾಸಿನ ಬಾಗಿಲಲ್ಲಿ ಒಬ್ಬರು ಕಸ ಗುಡಿಸ್ತಾರಲ್ಲ, ಅವರಿಗೆ ಹೇಳ್ದೆ. ನಾಳೆಯಿಂದ ನಾನು ಬರಲ್ಲ, ಮೇಷ್ಟ್ರಿಗೆ ತಿಳಿಸ್ಬಿಡಿ ಅಂತ. ಆಯ್ತಮ್ಮ ಅಂದ್ರು.'

'ಕಸ ಗುಡಿಸೋವ್ರಿಗೆ?'

'ನಮ್ಮಮ್ಮ ಹಾಗೇ ಮಾಡ್ತಾಳೆ ಮೇಡಂ. ಒಂದು ಕಡೆ ಕೆಲಸ ಬಿಡ್ಬೇಕಾದ್ರೆ, ಬಾಗಿಲಲ್ಲಿ ಯಾರಿರ್ತಾರೋ ಅವರಿಗೆ ಹೇಳಿ, ಒಳ್ಳೇದಾಗ್ಲಿ ಅಂದು ಬರ್ತಾಳೆ. ಸಾಹೇಬ್ರು ಯಾವತ್ತೂ ಸಿಗಲ್ವಲ್ಲ.'

ಅವಳು ನಗಲಿಲ್ಲ. ಹನ್ನೆರಡು ವರ್ಷದ ಅಭ್ಯಾಸ. ಈ ಕೊಠಡಿಯೊಳಗೆ ನಗಬಾರದೆಂಬುದು ಅವಳು ತಾನೇ ತನಗೆ ಹಾಕಿಕೊಂಡ ಕಟ್ಟುಪಾಡು. ಗೂಡಿನಿಂದ ತಡವಾಗಿ ವಿಷಯ ಕೈಬಿಡುವ ಮನವಿಯ ಫಾರಂ ತೆಗೆದು, ಎಲ್ಲೆಲ್ಲಿ ತುಂಬಬೇಕೆಂದು ಬೆರಳಿಟ್ಟು ತೋರಿಸಿದಳು. ಕೊನೆಯ ದಿನ ಇವತ್ತೇ, ಸಂಜೆ ಐದಕ್ಕೆ ಕೌಂಟರು ಮುಚ್ಚುತ್ತದೆ. ಹುಡುಗಿ ದುಂಡಗಿನ ಅಕ್ಷರದಲ್ಲಿ, ಉಸಿರು ಬಿಗಿಹಿಡಿದು ತುಂಬಿದಳು. ಕಾರಣ ಎಂಬಲ್ಲಿ, ನಾನು ಬಾಗಿಲಲ್ಲಿದ್ದವರಿಗೆ ತಿಳಿಸಿದ್ದೆ, ಎಂದೇ ಬರೆದಳು. ಕೆಳಗೆ ಮೇಲ್ವಿಚಾರಕಿಯ ಶಿಫಾರಸು ಬೇಕು, ನಾಲ್ಕು ಸಾಲು, ಸಹಿ, ಮುದ್ರೆ. 'ಇದು ಇಲ್ಲೇ ಇರ್ಲಿ, ಯೋಚನೆ ಮಾಡಿ ಬರೀತೀನಿ. ಮೂರಕ್ಕೆ ಕೆಳಗೆ ಕಾರ್ಯಕ್ರಮ ಇದೆ, ಬಾ. ಮುಗಿದ ಕೂಡ್ಲೇ ಕೊಡ್ತೀನಿ' ಎಂದಳು. ಸಭಾಂಗಣ ತುಂಬಬೇಕೆಂದು ಕುಲಸಚಿವರು ಬೆಳಿಗ್ಗೆಯೇ ಎರಡು ಸಲ ಫೋನು ಮಾಡಿದ್ದರು. 'ಅಮ್ಮನ್ನೂ ಕರ್ಕೊಂಡು ಬಾ. ಮನೆಯವರು ಬಂದ್ರೆ ಅವರಿಗೂ ಖುಷಿ.'

'ಅಮ್ಮಾನಾ? ಒಳಗೆ ಬಿಡ್ತಾರಾ ಮೇಡಂ?'

'ನಾನು ಹೇಳ್ದೆ ಅಂತ ಹೇಳು.'

ಹುಡುಗಿಯ ಮುಖ ಅರಳಿತು. ಎದ್ದು ಹೋದಳು. ಫಾರಂ ಅಕ್ಕ ಮತ್ತೆ ತನ್ನ ಭಾಷಣ ಎತ್ತಿಕೊಂಡಳು. ಮೂರು ವಾರದಿಂದ ತಿದ್ದಿ ತಿದ್ದಿ ಮೊನೆ ಮಾಡಿಟ್ಟ ಭಾಷಣ. ಮೊದಲು ಹೊಗಳಿಕೆ, ಬೆಣ್ಣೆ ಹಚ್ಚಿದಷ್ಟು. ಆಮೇಲೆ ಸ್ವಲ್ಪ ನಗು. ನಗು ಬೇಕೇ ಬೇಕು. ಕುಲಸಚಿವರಿಗಾಗಿ ಅಲ್ಲ, ಅವಳಿಗಾಗಿ. ನಗುತ್ತಿರುವ ಸಭೆ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡರೆ ಆ ಮೌನ ಎರಡು ಪಟ್ಟು ಭಾರವಿರುತ್ತದೆ, ಅದು ಪೂರ್ತಿಯಾಗಿ ಮುದುಕನ ತಲೆಯ ಮೇಲೆ ಬೀಳಬೇಕು. ನಗಿಸಲು ಏನು ಹೇಳುವುದೆಂಬುದೇ ಮೂರು ವಾರದಿಂದ ಹೊಳೆದಿರಲಿಲ್ಲ. ಈಗ ತಾನಾಗಿ ಬಂದು, ಅರ್ಧ ಕುರ್ಚಿಯಲ್ಲಿ ಕೂತು, ಎದ್ದು ಹೋಗಿತ್ತು. ಮರೆತುಹೋದೀತೆಂದು ಕೈಗೆ ಸಿಕ್ಕ ಪೆನ್ನಿನಿಂದ ಕಣ್ಣೆದುರಿಗಿದ್ದ ಕಾಗದದ ಮೂಲೆಯಲ್ಲಿ ಒಂದು ಸಾಲು ಗೀಚಿಕೊಂಡಳು. ಆಮೇಲೆ ಶಿಫಾರಸಿನ ನಾಲ್ಕು ಸಾಲು ಬರೆದಳು, ಸಹಿ ಹಾಕಿದಳು, ಮುದ್ರೆ ಒತ್ತಿದಳು. ಚೆನ್ನಾಗಿ ಬರೆದಳು. ಯಾವ ಸಮಿತಿಯೂ ಇಲ್ಲವೆನ್ನಲಾರದ ಹಾಗೆ. ಫಾರಂ ಅಕ್ಕ ಬರೆದ ಶಿಫಾರಸು ತಿರುಗಿ ಬಂದದ್ದಿಲ್ಲ.

ಅಪ್ಪ ಕೇಳಿದ್ದ, 'ಮೇಷ್ಟ್ರು ಹೊಲಿಗೆ ನೋಡಿದ್ರಾ?' ಹಸಿವಾದವನು ಊಟ ಆಯಿತಾ ಎಂದು ಕೇಳುವಂತೆ ಕೇಳಿದ್ದ. 'ನೋಡಿದ್ರು.' 'ಏನಂದ್ರು?' 'ಗಟ್ಟಿಯಾಗಿದೆ ಅಂದ್ರು. ಕ್ಲಾಸಿಗೆಲ್ಲ ಎತ್ತಿ ತೋರಿಸಿ ಯಾರು ಹೊಲಿದಿದ್ದು ಅಂತ ಕೇಳಿದ್ರು.' ಅಪ್ಪ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು ಎದ್ದು ನಿಂತೇಬಿಟ್ಟ. ಮಾರನೆಯ ದಿನ ದರ್ಜಿಗೆ ಗೊತ್ತಾಯಿತು, ಪಕ್ಕದ ಮನೆಯವರಿಗೆ ಗೊತ್ತಾಯಿತು, ಹಾಲಿನವನಿಗೂ ಗೊತ್ತಾಯಿತು. ವಿಶ್ವವಿದ್ಯಾಲಯದ ದೊಡ್ಡ ಮೇಷ್ಟ್ರು ತರಗತಿಗೆಲ್ಲ ಎತ್ತಿ ತೋರಿಸಿ ಇದು ಯಾರ ಕೈ ಎಂದು ಕೇಳಿದರಂತೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ, ಗಟ್ಟಿ ಎಂಬುದೊಂದು ಬಿಟ್ಟು. ಹಾಗೆ ನೋಡಿದರೆ ಅದೂ ನಿಜವೇ. ಮುಂದಿನ ಪ್ರಬಂಧಕ್ಕೆ ಅಪ್ಪ ದಾರಕ್ಕೆ ಮೇಣ ಸವರಿಟ್ಟುಕೊಂಡು ಕಾದ. 'ಈಗ ನಿಯಮ ಬದಲಾಗಿದೆಯಪ್ಪ' ಎಂದಳು. ಅವನು ದಾರವನ್ನು ಮತ್ತೆ ಉಂಡೆಗೆ ಸುತ್ತಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಒಂದು ಸುತ್ತೂ ಸಡಿಲವಾಗದಂತೆ, ನಿಧಾನಕ್ಕೆ. ಪದವಿ ಪಡೆಯುವ ದಿನ ಬರುವುದು ಬೇಡ, ಪಾಸು ಇಲ್ಲದೆ ಬಿಡುವುದಿಲ್ಲ ಎಂದಿದ್ದಳು. ಅವಳ ಚೀಲದಲ್ಲಿ ಎರಡು ಪಾಸಿತ್ತು. ಆದರೂ ಬಂದ. ಹೊಸ ಅಂಗಿ ತೊಟ್ಟು ಗೇಟಿನಾಚೆ ನಿಂತಿದ್ದನ್ನು ಅವಳು ಮೊದಲ ಮಹಡಿಯ ಕಿಟಕಿಯಿಂದ ನೋಡಿದಳು. ಕಾಲರಿನಲ್ಲಿ ಸೂಜಿ ಬಿಸಿಲಿಗೆ ಮಿನುಗಿತು. ಅಷ್ಟು ದೂರಕ್ಕೆ ಸೂಜಿ ಕಾಣುವುದುಂಟೆ? ಕಂಡಿತು. ಅವಳು ಕೆಳಗಿಳಿಯಲಿಲ್ಲ. ಅಪ್ಪ ಸತ್ತು ಒಂಬತ್ತು ವರ್ಷವಾಯಿತು. ಗೇಟಿನ ಸಂಗತಿಯನ್ನೂ ಅವಳು ಮುದುಕನ ಹೆಸರಿಗೇ ಬರೆದಿಟ್ಟಿದ್ದಳು. ಅವನು ಆ ದಿನ ಹಾಗೆ ಎತ್ತಿ ತೋರಿಸದಿದ್ದರೆ ತಾನು ಅಪ್ಪನನ್ನು ಒಳಗೆ ಕರೆದುಕೊಂಡೇ ಹೋಗುತ್ತಿದ್ದೆ. ಇದನ್ನು ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಈಚೀಚೆಗೆ ಅದು ಸವೆದ ಅಂಗಿಯಂತೆ ಅಲ್ಲಲ್ಲಿ ಪಾರದರ್ಶಕವಾಗತೊಡಗಿತ್ತು. ಒಳಗಿನದು ಕಾಣಿಸಿಬಿಡುವುದೆಂಬ ಭಯಕ್ಕೇ ಇವತ್ತಿನ ಕಾರ್ಯಕ್ರಮ ಬೇಗ ಮುಗಿಯಬೇಕಿತ್ತು.

ಮುದುಕ ಕಾರಿನಿಂದಿಳಿದಾಗ ಅವಳಿಗೆ ಮೋಸ ಹೋದಂತಾಯಿತು. ಅವಳು ಕಾದಿದ್ದದ್ದು ಎತ್ತರದ ಮನುಷ್ಯನಿಗೆ. ಬಂದವನು ಕೋಟಿನೊಳಗೆ ಕುಗ್ಗಿ ಕೂತಂಥವನು, ಮೆಟ್ಟಿಲು ಹತ್ತಲು ಅವಳ ಮೊಣಕೈಯನ್ನೇ ಹಿಡಿದುಕೊಂಡ. ಕೈ ಬೆಚ್ಚಗಿತ್ತು. ಕೊಡವಿಕೊಳ್ಳಬೇಕೆನಿಸಿತು. ಕೊಡವದೆ ನಾಜೂಕಾಗಿ ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಬೀಳುವುದಿದ್ದರೆ ಮೇಲೆ ಹೋಗಿ ಬೀಳಲಿ. 'ನಿನ್ನ ನೆನಪು ಚೆನ್ನಾಗೇ ಇದೆಯಮ್ಮ' ಎಂದ. ನೆನಪಿದ್ದರೆ ಇನ್ನೂ ಒಳ್ಳೆಯದೇ, ನೆನಪಿರಲಿ, ಪ್ರತಿಯೊಂದು ಗಂಟೂ ನೆನಪಿರಲಿ. 'ಎಷ್ಟು ಚೆನ್ನಾಗಿ ಹಾಡ್ತಿದ್ದೆ ನೀನು. ಈಗ್ಲೂ ಹಾಡ್ತೀಯಾ?' ಅವಳು ಜನ್ಮದಲ್ಲಿ ಹಾಡಿದವಳಲ್ಲ. 'ಈಗ ಬಿಟ್ಟಿದೀನಿ ಸಾರ್' ಎಂದಳು. ಯಾವಳೋ ಹಾಡುವವಳು ಅವನ ತಲೆಯಲ್ಲಿ ಸುಖವಾಗಿದ್ದಳು. ತಾನು ಅಲ್ಲಿ ಒಂದು ಪಿನ್ನಿನಷ್ಟೂ ಇರಲಿಲ್ಲ. ಇಷ್ಟು ವರ್ಷ ಅವನು ತನ್ನ ತಲೆಯಲ್ಲಿ ಕೋಟು ಬೂಟು ಸಮೇತ ಬಿಡಾರ ಹೂಡಿದ್ದನಲ್ಲ, ಒಂದು ದಿನದ ಬಾಡಿಗೆಯೂ ಇಲ್ಲದೆ, ಎಂದು ಮೈ ಉರಿದುಹೋಯಿತು. ಇರಲಿ. ಇನ್ನರ್ಧ ಗಂಟೆ.

ಸಭಾಂಗಣ ತುಂಬಿತ್ತು. ಅವಳು ಮೈಕಿನ ಮುಂದೆ ನಿಂತು ಬೆಣ್ಣೆ ಹಚ್ಚಿದಳು. ಮುದುಕ ಕಣ್ಣು ಮುಚ್ಚಿ ಹಚ್ಚಿಸಿಕೊಂಡ. ತನ್ನ ದನಿ ಹೀಗೆ ಏರಿ ಇಳಿದು ಕಡೆಯ ಸಾಲಿನವರನ್ನೂ ಹಿಡಿಯಬಲ್ಲದು ಎಂದು ಅವಳಿಗೇ ಗೊತ್ತಿರಲಿಲ್ಲ. ಎಲ್ಲೋ ಕೇಳಿದ ದನಿಯಂತಿತ್ತು. 'ನಮ್ಮ ಮಕ್ಕಳು ಮುಗ್ಧರು' ಎಂದಳು. 'ಇವತ್ತು ಬೆಳಿಗ್ಗೆ ಒಬ್ಬಳು ಬಂದಿದ್ದಳು. ಸಂಖ್ಯಾಶಾಸ್ತ್ರ ಬೇಡ ಅನ್ನಿಸ್ತಂತೆ. ಬಿಟ್ಟಳಂತೆ. ಹೇಗಮ್ಮ ಬಿಟ್ಟೆ ಅಂದೆ. ಹೇಳಿ ಬಂದೆ ಮೇಡಂ ಅಂದ್ಳು. ಯಾರಿಗೆ ಹೇಳ್ದೆ?' ಇಲ್ಲಿ ತಡೆದಳು. ಎಷ್ಟು ಹೊತ್ತು ತಡೆಯಬೇಕೋ ಅಷ್ಟೇ ತಡೆದಳು. 'ಬಾಗಿಲಲ್ಲಿ ಕಸ ಗುಡಿಸೋವ್ರಿಗೆ!' ಸಭಾಂಗಣ ಭೋರ್ಗರೆಯಿತು. ಕುಲಸಚಿವರು ಕುರ್ಚಿಯ ಕೈ ತಟ್ಟಿ ತಟ್ಟಿ ನಕ್ಕರು. ಮುದುಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆ ನಗು ವೇದಿಕೆಯವರೆಗೆ ಬಂದು ಅವಳ ಕಾಲಿಗೆ ಬೆಚ್ಚಗೆ ತಾಕಿತು, ಸುಳ್ಳೇಕೆ, ಸುಖವಾಯಿತು. ಇನ್ನೊಂದಿಷ್ಟು ಇರಲಿ ಎನಿಸಿ ಸೇರಿಸಿದಳು, 'ಅವರು ಆಯ್ತಮ್ಮ ಅಂದ್ರಂತೆ. ಅಲ್ಲಿಗೆ ವಿಶ್ವವಿದ್ಯಾಲಯ ಒಪ್ಪಿದ ಹಾಗೆ!' ಮತ್ತೊಂದು ಅಲೆ. ಆಗ ಮೂರನೆಯ ಸಾಲು ಕಣ್ಣಿಗೆ ಬಿತ್ತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಕ್ಷಣ ಹೆಚ್ಚೇ. ಪಕ್ಕದಲ್ಲಿ ಬಸ್ ಡಿಪೋ ತೊಳೆಯುವವರ ನೀಲಿ ಸಮವಸ್ತ್ರದ ಹೆಂಗಸು, ತೋಳಿನ ಮಡಿಕೆ ಇನ್ನೂ ಒದ್ದೆ, ಕೆಲಸದಿಂದ ನೇರ ಓಡಿಬಂದಿರಬೇಕು. ಅವಳು ಮಗಳ ಕಡೆ ಬಾಗಿ ಏನೋ ಕೇಳಿದಳು. ಏನೆಂದು ಕೇಳಿಸದಿದ್ದರೂ ತಿಳಿಯಿತು. ಯಾಕೆ ನಗ್ತಿದಾರೆ? ಮಗಳು ತಲೆಯಲ್ಲಾಡಿಸಿ ಏನೋ ಹೇಳಿದಳು, ತಾಯಿಯೂ ನಕ್ಕಳು, ದೊಡ್ಡವರು ಯಾರೋ ಏನೋ ಒಳ್ಳೆಯ ಮಾತು ಹೇಳಿದರೆಂಬಂತೆ, ಮರ್ಯಾದೆಯಿಂದ.

ಮುಂದಿನ ವಾಕ್ಯ ಭಾಷಣದ ಹಾಳೆಯಲ್ಲಿ ಇತ್ತು, ಅದನ್ನೇ ಓದಿದಳು. ಕಾಣಿಕೆ ಕೊಡುವ ಹೊತ್ತು ಬಂತು. ಇಷ್ಟು ವರ್ಷ ಕಾದದ್ದನ್ನು ಒಂದು ಹುಡುಗಿ ನಕ್ಕಳೆಂದು ಬಿಡಲಾಗುತ್ತದೆಯೆ? ಬಿಡಲಾರೆ, ಎಂದು ಹಟದಿಂದ ಪೊಟ್ಟಣವನ್ನು ಮುದುಕನ ಕೈಗಿಟ್ಟಳು. ಅವನು ರಿಬ್ಬನ್ನಿನ ಜೊತೆ ಗುದ್ದಾಡಿ ಬಿಚ್ಚಿದ. ಹಾಳೆಗಳು ಹಳದಿಯಾಗಿದ್ದವು, ಹೊಲಿಗೆ ನಿನ್ನೆ ಹಾಕಿದಂತಿತ್ತು. ಅವನ ಹೆಬ್ಬೆರಳು ಗಂಟಿನ ಸಾಲಿನುದ್ದಕ್ಕೂ ಹರಿದಾಡಿತು. 'ಅದ್ಭುತ ಕೈಕೆಲಸ' ಎಂದ ಮೈಕಿನಲ್ಲಿ. 'ಮೂಲೆಯಲ್ಲಿ ಕೆಂಪು ಶಾಯಿಯಲ್ಲಿರೋದನ್ನ ಎಲ್ಲರಿಗೂ ಕೇಳೋ ಹಾಗೆ ಓದಿ ಸಾರ್' ಎಂದಳು. ಅವನು ಕನ್ನಡಕ ಏರಿಸಿದ, ಇಳಿಸಿದ, ಹಾಳೆಯನ್ನು ದೂರ ಹಿಡಿದ. 'ಕಣ್ಣು ಮೊದಲಿನ ಹಾಗಿಲ್ಲಮ್ಮ. ನೀನೇ ಓದು.'

ಹೀಗಾಗುತ್ತದೆಂದು ಅವಳು ಎಣಿಸಿರಲಿಲ್ಲ. ಆ ಸಾಲು ಅವನ ಬಾಯಲ್ಲಿ ಬರಬೇಕಿತ್ತು. ಮುನ್ನೂರು ಮುಖಗಳು ಕಾಯುತ್ತಿದ್ದವು, ತುಟಿಯಂಚಿನಲ್ಲಿ ಹಿಂದಿನ ನಗು ಇನ್ನೂ ಆರಿರಲಿಲ್ಲ. ಓದಿದಳು. 'ಅಪ್ಪನ ಕೈಯಲ್ಲಿ ಪ್ರಬಂಧ ಹೊಲಿಸುವ ಬದಲು, ಅಪ್ಪನ ಪಕ್ಕ ಕೂತು ಅಂಗಿ ಹೊಲಿಯುವುದನ್ನು ಕಲಿ.'

ಸಭಾಂಗಣ ನಕ್ಕಿತು. ಬೆಳಗಿನ ಹುಡುಗಿಗೆ ನಕ್ಕಂತೆಯೇ, ಅದೇ ನಗು. ನಗುವುದನ್ನು ಅವಳೇ ಕಲಿಸಿಕೊಟ್ಟು ಇನ್ನೂ ಐದು ನಿಮಿಷ ಆಗಿರಲಿಲ್ಲ. ಮುದುಕನೂ ನಕ್ಕ. 'ಯಾರಮ್ಮ ಹೀಗೆ ಬರೆದದ್ದು?' ಎಂದ.

'ನೀವೇ ಸಾರ್.'

'ನಾನಾ?' ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವನ ಮುಖ ಖಾಲಿಯಾಯಿತು. ಇಪ್ಪತ್ತೊಂಬತ್ತು ವರ್ಷಕ್ಕೆ ಅವಳಿಗೆ ದಕ್ಕಿದ್ದು ಅಷ್ಟೇ. ಆಮೇಲೆ ಅವನು ಸಭೆಯ ಕಡೆ ತಿರುಗಿ ಬೆರಳೆತ್ತಿದ. ಆ ಬೆರಳು ಮಾತ್ರ ಮುದಿಯಾಗಿರಲಿಲ್ಲ. 'ನೋಡಿ, ಆವತ್ತು ಚುಚ್ಚದೆ ಇದ್ದಿದ್ರೆ ಇವತ್ತು ಇವಳು ಇಲ್ಲಿರ್ತಿದ್ಲಾ?' ಎಂದ. ಚಪ್ಪಾಳೆ ಬಿತ್ತು. ಕುಲಸಚಿವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರು ಎದ್ದದ್ದಕ್ಕೆ ಎಲ್ಲರೂ ಎದ್ದರು. ಮುದುಕ ಹನ್ನೊಂದು ಹಾಳೆಗಳನ್ನು ಎದೆಗೊತ್ತಿಕೊಂಡಿದ್ದ. ಅವು ಈಗ ಅವನವು, ಕೊಟ್ಟ ಕಾಣಿಕೆಯನ್ನು ತಿರುಗಿ ಕೇಳುವುದುಂಟೆ? ಮನೆಗೆ ಒಯ್ದು ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾನೆ, ಬಂದವರಿಗೆಲ್ಲ ತೋರಿಸುತ್ತಾನೆ. ಅಪ್ಪನ ಕೈಯಿಂದ ಆದದ್ದು ಅವಳ ಬಳಿ ಅದೊಂದೇ ಇತ್ತು. ಅದನ್ನು ತಾನೇ ರಿಬ್ಬನ್ನು ಕಟ್ಟಿಸಿ, ಹೂವಿಟ್ಟು ಕೊಟ್ಟಳು. ಚಪ್ಪಾಳೆಯ ನಡುವೆ ಅವಳೂ ನಗುತ್ತಿರುವುದು ಅವಳ ಗಮನಕ್ಕೆ ಬಂತು. ಕೈ ಬಾಯಿಯ ಹತ್ತಿರ ಹೋಗಿತ್ತು.

ನಾಲ್ಕೂವರೆಗೆ ಅವಳು ಮೇಲೆ ಬಂದಾಗ ಹುಡುಗಿ ಬಾಗಿಲ ಹೊರಗೆ ಕಾಯುತ್ತಿದ್ದಳು. ತಾಯಿ ಮೆಟ್ಟಿಲ ತಿರುವಿನಲ್ಲೇ ನಿಂತಿದ್ದಳು, ಒದ್ದೆ ತೋಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು. ಒಳಗೆ ಬನ್ನಿ ಎಂದರೆ ಬೇಡ ತಾಯಿ, ನೆಲ ಕೊಳೆಯಾಗುತ್ತೆ, ಎಂದಳು. ಫಾರಂ ಅಕ್ಕ ಹುಡುಗಿಗೆ ಏನಾದರೂ ಹೇಳಬೇಕೆಂದುಕೊಂಡಳು. ಹೆಸರು ಹೇಳಲಿಲ್ಲವಲ್ಲ ಎಂದು. ಪ್ರೀತಿಯಿಂದ ಹೇಳಿದ್ದು ಎಂದು. ನಾನೂ ನಿನ್ನ ಹಾಗೇ, ನೋಡಿದೆಯಲ್ಲ, ನನ್ನದನ್ನೂ ಓದಿದೆನಲ್ಲ ಎಂದು. ಒಂದೊಂದು ಮಾತೂ ಗಂಟಲಿಗೆ ಬರುವಷ್ಟರಲ್ಲಿ ಮುದುಕನ ಬಾಯಿಂದ ಬಂದಂತೆ ಕೇಳಿಸಿ ಒಳಕ್ಕೇ ಹೋಯಿತು. ಫಾರಂ ತೆಗೆದು ಕೊಟ್ಟಳು. ಹುಡುಗಿ ಎರಡು ಕೈಯಲ್ಲಿ ಇಸಿದುಕೊಂಡು, ಸಹಿ ನೋಡಿದಳು, ಮುದ್ರೆ ನೋಡಿದಳು, ಮೇಲಿನಿಂದ ಮತ್ತೊಮ್ಮೆ ನೋಡಿದಳು. ಕಣ್ಣು ಮೂಲೆಯಲ್ಲಿ ನಿಂತಿತು.

'ಮೇಡಂ, ಇದು ಹೀಗೇ ಇದ್ರೆ ಕೌಂಟರಲ್ಲಿ ತಗೋತಾರಾ?'

ಫಾರಂನ ಮೇಲಿನ ಮೂಲೆಯಲ್ಲಿ ಬೆಳಿಗ್ಗೆ ಕೈಗೆ ಸಿಕ್ಕ ಪೆನ್ನಿನಿಂದ ಅವಳು ಗೀಚಿಕೊಂಡ ಸಾಲಿತ್ತು. ಪೆನ್ನು ಕೆಂಪಾಗಿತ್ತೆಂದು ಈಗ ಕಂಡಳು. ಕಸ ಗುಡಿಸೋವ್ರಿಗೆ ಹೇಳಿದ್ಲಂತೆ — ಇದನ್ನ ಹೇಳು, ನಗ್ತಾರೆ.

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ನಿಯಮ ಏನೆಂದು ನಿಜವಾಗಿಯೇ ಕೇಳುತ್ತಿದ್ದಳು. ತಿಳಿಯದಿದ್ದರೆ ಕೇಳು, ನಾಚಿಕೊಳ್ಳಬೇಡ ಎಂದು ಈ ಕೊಠಡಿಯ ಗೋಡೆಯ ಮೇಲೆಯೇ ಬರೆದಿತ್ತು. ಅವಳು ಬೇರೆ ಫಾರಂ ತೆಗೆದಳು. ಹುಡುಗಿ ಬೇಗ ಬೇಗ ತುಂಬಿದಳು. ಈ ಸಲ ಕಾರಣ ಎಂಬಲ್ಲಿ, ನಿಯಮ ತಿಳಿದಿರಲಿಲ್ಲ, ಎಂದಷ್ಟೇ ಬರೆದಳು. ಅವಳು ಶಿಫಾರಸನ್ನು ಮತ್ತೆ ಬರೆದಳು, ಸಹಿ ಹಾಕಿದಳು, ಮುದ್ರೆ ಒತ್ತಿದಳು. 'ಹಳೇದು ಇಲ್ಲಿ ಕೊಡಮ್ಮ, ಹರಿದು ಹಾಕ್ತೀನಿ' ಎಂದು ಕೈ ಚಾಚಿದಳು.

'ಪರ್ವಾಗಿಲ್ಲ ಮೇಡಂ' ಎಂದಳು ಹುಡುಗಿ.

ಹೊಸ ಫಾರಂ ಕೈಯಲ್ಲಿ ಹಿಡಿದುಕೊಂಡಳು. ಹಳೆಯದನ್ನು ಮೇಜಿನ ಮೇಲಿಟ್ಟು, ಅಂಚಿಗೆ ಅಂಚು ಕೂಡಿಸಿ ಎರಡಾಗಿ ಮಡಿಸಿದಳು, ಉಗುರಿನಿಂದ ತೀಡಿದಳು, ಮತ್ತೆ ನಾಲ್ಕಾಗಿ ಮಡಿಸಿದಳು. ಚೀಲದ ಒಳಗಿನ ಖಾನೆಯ ಜಿಪ್ಪು ಎಳೆದು, ಒಳಗಿಟ್ಟು, ಜಿಪ್ಪು ಮುಚ್ಚಿದಳು. ಅವಸರವಿರಲಿಲ್ಲ. ಐದಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು. ಮೇಜಿನ ಈಚೆ ನಿಂತ ಫಾರಂ ಅಕ್ಕ ತನ್ನ ನಲವತ್ತೆಂಟು ವರ್ಷಕ್ಕೆ ಇನ್ನೂ ಇಪ್ಪತ್ತೊಂಬತ್ತು ಕೂಡಿಸಿ ನೋಡಿದಳು.

'ಬರ್ತೀನಿ ಮೇಡಂ. ಒಳ್ಳೇದಾಗ್ಲಿ' ಎಂದಳು ಹುಡುಗಿ, ಬಾಗಿಲಲ್ಲಿ.